ಮುತ್ತಜ್ಜನ ಎಸ್ಟೇಟ್ ಎಲ್ಲಿ ಹೋಯಿತು?

ಪ್ರಶ್ನೆ: ನಮ್ಮ ಮುತ್ತಜ್ಜನಿಗೆ ಕಾಸರಗೋಡಿನ ಆದೂರು–ಮುಳ್ಳೇರಿಯ ಭಾಗದಲ್ಲಿ ಅಡಿಕೆ ತೋಟ, ಗದ್ದೆ, ಗುಡ್ಡ ಸೇರಿ ಬಹುದೊಡ್ಡ ಆಸ್ತಿ ಇತ್ತೆಂದೂ ಊರವರು ಅದನ್ನು ಎಸ್ಟೇಟ್ ಎಂದೇ ಕರೆಯುತ್ತಿದ್ದರೆಂದೂ ಮನೆಯ ಹಿರಿಯರು ಹೇಳುತ್ತಿದ್ದರು. ಈಗ ಅಲ್ಲಿ ಬೇರೆ ಬೇರೆಯವರ ಮನೆಗಳೂ ರಬ್ಬರ್ ತೋಟಗಳೂ ಇವೆ. ಇಂದಿನ ಭೂದಾಖಲೆಗಳಲ್ಲಿ ಮುತ್ತಜ್ಜನ ಹೆಸರೇ ಇಲ್ಲ. ಅಷ್ಟು ದೊಡ್ಡ ಆಸ್ತಿ ಹೇಗೆ ಮಾಯವಾಯಿತು? ಅದರ ಚರಿತ್ರೆಯನ್ನು ಬರೆದಿಡಬೇಕೆಂದಿದ್ದೇನೆ, ಎಲ್ಲಿಂದ ಆರಂಭಿಸಲಿ?
— ಓರ್ವ ಓದುಗರು, ಬದಿಯಡ್ಕ

ಉತ್ತರ: ನಿಮ್ಮ ಮುತ್ತಜ್ಜನ ಕಾಲದಲ್ಲಿ ಆ ಆಸ್ತಿಯ ಸ್ವರೂಪ ಹೇಗಿದ್ದಿರಬಹುದು ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. 1956ರ ನವೆಂಬರ್ 1ರವರೆಗೆ ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಅಲ್ಲಿ ಸರಕಾರಕ್ಕೆ ತೀರ್ವೆ (ಭೂಕಂದಾಯ) ಕಟ್ಟುತ್ತಿದ್ದವನು ವರ್ಗದಾರ, ಅವನ ಹೆಸರಿನಲ್ಲಿ ದಾಖಲಾದ ಹಿಡುವಳಿಯೇ ವರ್ಗ. ಆದರೆ ವರ್ಗ ಒಬ್ಬನ ಹೆಸರಿನಲ್ಲಿದ್ದ ಮಾತ್ರಕ್ಕೆ ಅದರೊಳಗಿನ ಭೂಮಿಯನ್ನೆಲ್ಲ ಅವನೇ ಸಾಗುವಳಿ ಮಾಡುತ್ತಿದ್ದನೆಂದು ಭಾವಿಸುವಂತಿಲ್ಲ. ಮೂಲಗೇಣಿ ಒಕ್ಕಲಿನವರು ನಿಗದಿಯಾದ ಗೇಣಿಯನ್ನು ಕೊಡುತ್ತ ತಲೆಮಾರಿನಿಂದ ತಲೆಮಾರಿಗೆ ಭೂಮಿಯನ್ನು ಅನುಭವಿಸುತ್ತಿದ್ದರು, ಒಡೆಯ ಮನಸ್ಸು ಮಾಡಿದರೂ ಅವರನ್ನು ಸುಲಭವಾಗಿ ಎಬ್ಬಿಸುವಂತಿರಲಿಲ್ಲ. ಚಾಲಗೇಣಿಯವರಿಗೆ, ಅಂದರೆ ತಾತ್ಕಾಲಿಕ ಗೇಣಿದಾರರಿಗೆ, ಆ ಭದ್ರತೆ ಇರಲಿಲ್ಲವಾದರೂ ಬೈಲು, ಮಜಲು, ಬೆಟ್ಟುಗದ್ದೆಗಳನ್ನು ಉತ್ತು ಮುಡಿ ಲೆಕ್ಕದಲ್ಲಿ ಅಕ್ಕಿ ಅಳೆಯುತ್ತಿದ್ದವರು ಅವರೇ. ಹೀಗಾಗಿ ಹಿರಿಯರು ‘ಕಣ್ಣು ಹಾಯುವಷ್ಟೂ ನಮ್ಮದು’ ಎಂದು ನೆನೆಯುವ ಆಸ್ತಿಯ ಬಹುಭಾಗ ಆಗಲೇ ಇತರರ ಕೈಯಲ್ಲಿತ್ತೆಂದು ತಿಳಿಯುವುದು ನ್ಯಾಯ.

ಗುಡ್ಡದ ವಿಚಾರವೂ ಹಾಗೆಯೇ. ವರ್ಗ ಭೂಮಿಯ ಅಂಚಿನಿಂದ ಸುಮಾರು 100 ಗಜದೊಳಗಿನ ಸರಕಾರಿ ಜಾಗದಲ್ಲಿ ಸೊಪ್ಪು, ಸೌದೆ, ಹುಲ್ಲು ತರುವ ಕುಮ್ಕಿ ಸೌಲಭ್ಯ ವರ್ಗದಾರನಿಗಿತ್ತು. ಅಡಿಕೆ ತೋಟಕ್ಕೆ ಸೊಪ್ಪಿನ ಗುಡ್ಡ ಇಲ್ಲದಿದ್ದರೆ ಗೊಬ್ಬರವೇ ಇಲ್ಲವಾದ್ದರಿಂದ ಮನೆಯವರು ಅದನ್ನೂ ತಮ್ಮದೆಂದೇ ಎಣಿಸುತ್ತಿದ್ದರು. ಕಾನೂನಿನ ದೃಷ್ಟಿಯಲ್ಲಿ ಅದು ಅನುಭೋಗದ ಸೌಲಭ್ಯವೇ ಹೊರತು ಒಡೆತನವಲ್ಲ.

ನಿರ್ಣಾಯಕ ಬದಲಾವಣೆ ಬಂದದ್ದು 1970ರ ಜನವರಿ 1ರಂದು. 1963ರ ಕೇರಳ ಭೂಸುಧಾರಣಾ ಕಾಯಿದೆಗೆ 1969ರಲ್ಲಿ ಆದ ತಿದ್ದುಪಡಿಯಂತೆ, ಗೇಣಿದಾರರ ವಶದಲ್ಲಿದ್ದ ಭೂಮಿಯ ಮೇಲಿನ ಒಡೆಯರ ಹಕ್ಕುಗಳೆಲ್ಲ ಅಂದು ಸರಕಾರಕ್ಕೆ ಸೇರಿದವು, ಗೇಣಿದಾರರು ಲ್ಯಾಂಡ್ ಟ್ರಿಬ್ಯುನಲಿನ ಮೂಲಕ ಕ್ರಯಪತ್ರ ಪಡೆದು ಭೂಮಿಯ ಒಡೆಯರಾದರು. ಪಂಚಾಯತು ಪ್ರದೇಶದಲ್ಲಿ ಒಡೆಯನ ಜಾಗದೊಳಗೆ ಗುಡಿಸಲು ಕಟ್ಟಿಕೊಂಡಿದ್ದವರಿಗೂ 10 ಸೆಂಟ್ಸ್ ವರೆಗೆ ಕೊಳ್ಳುವ ಹಕ್ಕು ದೊರೆಯಿತು. ಸ್ವಂತ ಸಾಗುವಳಿಯಲ್ಲಿ ಉಳಿದದ್ದಕ್ಕೂ ಮಿತಿ ಬಂತು: ಎರಡರಿಂದ ಐದು ಮಂದಿಯ ಕುಟುಂಬಕ್ಕೆ 10 ಸ್ಟಾಂಡರ್ಡ್ ಎಕ್ರೆ (ಭೂಮಿಯ ತರಗತಿಗೆ ತಕ್ಕಂತೆ ಲೆಕ್ಕಹಾಕುವ ಎಕ್ರೆ). ಚಹ, ಕಾಫಿ, ರಬ್ಬರ್, ಏಲಕ್ಕಿಯಂತಹ ಕೆಲವು ಬೆಳೆಗಳ ಪ್ಲಾಂಟೇಶನ್‌ಗಳಿಗೆ ಈ ಮಿತಿಯಿಂದ ವಿನಾಯಿತಿ ಇತ್ತು, ಅಡಿಕೆ ತೆಂಗುಗಳಿಗೆ ಇರಲಿಲ್ಲ. ನಿಮ್ಮ ಮುತ್ತಜ್ಜನದು ಅಡಿಕೆ ತೋಟವಾದ್ದರಿಂದ ಊರವರು ಎಸ್ಟೇಟ್ ಎಂದು ಕರೆದದ್ದು ಅದಕ್ಕೆ ಯಾವ ರಕ್ಷಣೆಯನ್ನೂ ಕೊಡಲಾರದು. ಇದರ ಜೊತೆಗೆ ಮನೆಪಾಲು, ಸಾಲಕ್ಕೆ ಮಾರಾಟ, 1940ರ ದಶಕದಿಂದ ತಿರುವಾಂಕೂರಿನ ಕಡೆಯಿಂದ ಬಂದ ಕೃಷಿಕರ ಖರೀದಿಗಳೂ ಇದ್ದಿರಬಹುದು. ಈ ಜಿಲ್ಲೆಯ ರಾಜಪುರದಲ್ಲಿ ಅಂತಹ ವಸತಿ 1943ರಲ್ಲೇ ಆರಂಭವಾಗಿತ್ತು.

ಈಗ ಹುಡುಕುವ ಕ್ರಮ. ಇಂದಿನ ದಾಖಲೆಯಿಂದ ಹಿಂದಕ್ಕೆ ಹೋಗುವ ಬದಲು ಹಳೆಯ ದಸ್ತಾವೇಜಿನಿಂದ ಮುಂದಕ್ಕೆ ಬನ್ನಿ. ಮನೆಯ ಪೆಟ್ಟಿಗೆಯಲ್ಲಿ ಒಂದೇ ಒಂದು ಗೇಣಿಚೀಟು, ಪಾಲುಪಟ್ಟಿ ಅಥವಾ ತೀರ್ವೆ ರಶೀದಿ ಸಿಕ್ಕರೂ ಅದರಲ್ಲಿ ಗ್ರಾಮ, ವರ್ಗ ಅಥವಾ ಸರ್ವೆ ನಂಬ್ರ ಇರುತ್ತದೆ, ಆ ನಂಬ್ರವೇ ನಿಮ್ಮ ಆಧಾರ. ಉಪನೋಂದಣಿ ಕಚೇರಿಯಲ್ಲಿ ಹೆಸರಿನ ಸೂಚಿಯಷ್ಟೇ ಅಲ್ಲದೆ ಆಸ್ತಿಯ ಸೂಚಿಯೂ ಇರುತ್ತದೆ. ಸ್ಥಿರಾಸ್ತಿಯ ದಸ್ತಾವೇಜುಗಳ ಒಂದನೇ ಪುಸ್ತಕವನ್ನು ಶುಲ್ಕ ಕಟ್ಟಿ ಯಾರೂ ನೋಡಬಹುದು. ಮುತ್ತಜ್ಜನ ಹೆಸರಿನಿಂದ ಸಿಗದ್ದು ಗ್ರಾಮ ಮತ್ತು ನಂಬ್ರದಿಂದ ಸಿಕ್ಕೀತು. ನಿಮ್ಮದು ಅಳಿಯಸಂತಾನದ, ಅಂದರೆ ತಾಯಿಯ ಕಡೆಯಿಂದ ಆಸ್ತಿ ಸಾಗುವ, ಮನೆತನವಾಗಿದ್ದರೆ ಆಸ್ತಿ ಮುತ್ತಜ್ಜನ ಹೆಸರಿನಲ್ಲಿರದೆ ಆಗಿನ ಯಜಮಾನನ, ಅಂದರೆ ಯಾರೋ ಸೋದರಮಾವನ ಹೆಸರಿನಲ್ಲಿ ಇದ್ದಿರಬಹುದು ಎಂಬುದೂ ನೆನಪಿರಲಿ. 1956ಕ್ಕಿಂತ ಹಿಂದಿನ ಜಿಲ್ಲಾ ಮಟ್ಟದ ಕಡತಗಳಿಗಾಗಿ ಮಂಗಳೂರಿನಲ್ಲಿಯೂ ವಿಚಾರಿಸಬೇಕು.

ಹಳೆಯ ದಸ್ತಾವೇಜಿನ ಚಕ್ಕುಬಂದಿಯನ್ನು (ನಾಲ್ಕು ದಿಕ್ಕಿನ ಗಡಿಗಳ ವಿವರವನ್ನು) ಕೈಯಲ್ಲಿ ಹಿಡಿದು ಜಾಗದ ಮೇಲೆ ನಡೆಯುವುದನ್ನು ಮಾತ್ರ ಬಿಡಬೇಡಿ. ‘ಮೂಡು ತೋಡು, ಪಡು ಅಗಳು’, ಅಂದರೆ ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಕಂದಕ, ಎಂದು ಬರೆದಿದ್ದರೆ ಆ ತೋಡು ಈಗಲೂ ಹರಿಯುತ್ತಿರಬಹುದು, ಮುಚ್ಚಿದ ಅಗಳಿನ ಗುರುತೂ ರಬ್ಬರ್ ಮರಗಳ ನಡುವೆ ಉಳಿದಿರಬಹುದು. ಮುರಕಲ್ಲಿನ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗ ಎಲ್ಲಿದೆ, ಅದರ ನೀರು ಯಾವ ಕೆರೆಗೆ ಬೀಳುತ್ತಿತ್ತು, ತೋಡಿಗೆ ಕಟ್ಟ ಕಟ್ಟುತ್ತಿದ್ದ ಜಾಗ ಯಾವುದು, ನಾಗಬನ ಮತ್ತು ದೈವಸ್ಥಾನಗಳು ಎಲ್ಲಿವೆ ಎಂಬುದನ್ನು ನಕ್ಷೆಯಲ್ಲಿ ಗುರುತಿಸಿದರೆ ಹಳೆಯ ತೋಟದ ವಿಸ್ತಾರ ತಾನಾಗಿ ತಿಳಿಯುತ್ತದೆ. ದೈವದ ಕೋಲದಲ್ಲಿ ಯಾವ ಮನೆಯವರಿಗೆ ಯಾವ ಕ್ರಮದಲ್ಲಿ ಪ್ರಸಾದ ಸಲ್ಲುತ್ತದೆ ಎಂಬುದನ್ನು ಕೇಳಿದರೆ ಯಾರು ಒಡೆಯರು, ಯಾರು ಒಕ್ಕಲಿನವರು ಎಂಬ ಹಳೆಯ ಸಂಬಂಧದ ಸುಳಿವೂ ದೊರಕೀತು.

ಪ್ರಶ್ನೆ: ಅದೇ ಓದುಗರು ಮುಂದುವರಿದು ಕೇಳಿದ್ದಾರೆ: ಈಗ ಆ ಜಾಗದಲ್ಲಿರುವವರನ್ನು ಮಾತನಾಡಿಸುವುದು ಸರಿಯೇ? ಅವರು ತಪ್ಪು ತಿಳಿಯಲಾರರೇ?

ಉತ್ತರ: ಮಾತನಾಡಿಸಲೇಬೇಕು. ನಿಮ್ಮ ಮುತ್ತಜ್ಜನ ಚರಿತ್ರೆಯ ಅತ್ಯುತ್ತಮ ದಾಖಲೆ ಇರುವುದು ಅವರ ಮನೆಗಳಲ್ಲೇ. ಟ್ರಿಬ್ಯುನಲಿನ ವಿಚಾರಣೆಯಲ್ಲಿ ಒಡೆಯರೂ ಪಕ್ಷಕಾರರಾಗಿದ್ದುದರಿಂದ ಅವರ ಅಜ್ಜಂದಿರು ಜೋಪಾನ ಮಾಡಿದ ಕಾಗದಗಳಲ್ಲಿ ನಿಮ್ಮ ಮನೆತನದ ಹೆಸರು, ಗೇಣಿಯ ಪ್ರಮಾಣ, ಜಾಗದ ವಿವರ ಎಲ್ಲವೂ ಸಿಗುವ ಸಂಭವವಿದೆ. ಭೂಮಿಯ ಮೇಲೆ ನಿಮಗೆ ಹಕ್ಕಿಲ್ಲವೆಂದೂ ಹಕ್ಕು ಕೇಳಲು ಬಂದಿಲ್ಲವೆಂದೂ ಮೊದಲ ಮಾತಿನಲ್ಲೇ ಸ್ಪಷ್ಟವಾಗಿ ಹೇಳಿ. ಅವರ ಹಿರಿಯರು ಗೇಣಿ ಕೊಡಲಾಗದೆ ಪಟ್ಟ ಕಷ್ಟದ ಕಥೆಗಳು ಬಂದರೆ ಅವುಗಳನ್ನೂ ಅವರು ಹೇಳಿದ ಹಾಗೆಯೇ ಬರೆದುಕೊಳ್ಳಿ. ಬರೆದ ಮೇಲೆ ಒಂದು ಪ್ರತಿಯನ್ನು ಅವರಿಗೂ ಕೊಡಿ.