ಮೊದಲ ಸಲ ಬಂದವರು ಮತ್ತೆ ಯಾಕೆ ಬರಲಿಲ್ಲ?

ಮೇಕರ್‌ಸ್ಪೇಸ್ (ಉಪಕರಣ, ಯಂತ್ರಗಳನ್ನು ಹಂಚಿಕೊಂಡು ಏನಾದರೂ ತಯಾರಿಸುವ ಜಾಗ), ಕೋಡಿಂಗ್ ಕೂಟ, ಸಮುದಾಯದ ಲ್ಯಾಬ್ ನಡೆಸುವ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಆರಿಸಿಕೊಂಡಿದ್ದೇವೆ. ಹೆಣ್ಣುಮಕ್ಕಳು ಮತ್ತು ಲಿಂಗತ್ವ ಅಲ್ಪಸಂಖ್ಯಾತರು ಇಂಥ ಕಡೆ ಹಾಯಾಗಿ ಕೂತು ಕೆಲಸ ಮಾಡುವಂತಾಗಲು ಏನು ಮಾಡಬೇಕು ಎಂಬುದೇ ಎಲ್ಲದರ ಸಾರ.

ಪ್ರಶ್ನೆ: ನಮ್ಮ ಮೇಕರ್‌ಸ್ಪೇಸ್ ವಾರಕ್ಕೊಂದು ಸಂಜೆ ಎಲ್ಲರಿಗೂ ತೆರೆದಿರುತ್ತದೆ. ಹೆಣ್ಣುಮಕ್ಕಳು ಬರುತ್ತಾರೆ, ಆದರೆ ಒಂದೇ ಸಲ. ಯಾರೂ ಕೆಟ್ಟದಾಗಿ ನಡೆದುಕೊಂಡಿಲ್ಲ. ಹಾಗಾದರೆ ತಪ್ಪುತ್ತಿರುವುದೆಲ್ಲಿ?

ಬಹುಪಾಲು ಮೊದಲ ಇಪ್ಪತ್ತು ನಿಮಿಷದಲ್ಲಿ. ಹೊಸಬರು ಬಾಗಿಲಲ್ಲಿ ನಿಂತಿರುತ್ತಾರೆ, ಒಳಗಿರುವವರೆಲ್ಲ ಸರ್ಕ್ಯೂಟ್ ಬೋರ್ಡಿನ ಮೇಲೆ ತಲೆ ಬಗ್ಗಿಸಿರುತ್ತಾರೆ. ಬೇರೆ ಯಾರಾದರೂ ಮಾತಾಡಿಸಿಯಾರು ಎಂದು ಪ್ರತಿಯೊಬ್ಬರೂ ಸುಮ್ಮನಿರುತ್ತಾರೆ. ಕೊನೆಗೆ ಒಬ್ಬರು ಎದ್ದು ಬಂದು ‘ಯಾರ ಜೊತೆ ಬಂದ್ರಿ?’ ಎನ್ನುತ್ತಾರೆ. ಅದೇ ಬಾಗಿಲಲ್ಲಿ ಗಂಡಸು ನಿಂತಿದ್ದರೆ ಕೇಳುವ ಪ್ರಶ್ನೆ ‘ಏನು ಮಾಡ್ತಾ ಇದೀರಿ?’ ಇಷ್ಟರಲ್ಲೇ ಅರ್ಧ ತೀರ್ಮಾನ ಆಗಿಹೋಗಿರುತ್ತದೆ.

ಸ್ವಾಗತವನ್ನು ಒಳ್ಳೆಯ ಮನಸ್ಸಿಗೆ ಬಿಡದೆ ಪಾಳಿಗೆ ಹಚ್ಚಿ. ತೆರೆದ ಸಂಜೆಯಲ್ಲಿ ಒಬ್ಬರಿಗೆ ಬಂದವರನ್ನು ನೋಡಿಕೊಳ್ಳುವುದೊಂದೇ ಕೆಲಸ. ಆ ಹೊತ್ತಿನಲ್ಲಿ ಅವರ ಕೈಯಲ್ಲಿ ಸ್ವಂತ ಪ್ರಾಜೆಕ್ಟ್ ಇರಬಾರದು. ಇದ್ದರೆ ಹತ್ತೇ ನಿಮಿಷದಲ್ಲಿ ಅದರೊಳಗೆ ಮುಳುಗುತ್ತಾರೆ. ದೂರದಿಂದಲೇ ಗುರುತು ಸಿಗುವಂತೆ ಬಣ್ಣದ ಏಪ್ರನ್ ಕೊಡಿ. ಮೊದಲು ಐದು ನಿಮಿಷದ ಸುತ್ತು: ಶೌಚಾಲಯ, ಹೊರಹೋಗುವ ಇನ್ನೊಂದು ಬಾಗಿಲು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಕೇಳದೆ ಮುಟ್ಟಬಹುದಾದ ಉಪಕರಣ, ತರಬೇತಿ ಇಲ್ಲದೆ ಮುಟ್ಟಬಾರದ ಯಂತ್ರ. ಆಮೇಲೆ ಕೈಗೆ ಕೆಲಸ. ಎರಡು ಕೆಂಪು ಎಲ್‌ಇಡಿ, ಸಿಆರ್2032 ಬಟನ್ ಸೆಲ್ಲಿನ ಹೋಲ್ಡರ್, ಒಂದು ಸ್ಲೈಡ್ ಸ್ವಿಚ್ ಇರುವ ಸಣ್ಣ ಬ್ಯಾಡ್ಜ್ ಸಾಕು. ಒಟ್ಟು ಒಂಬತ್ತು ಬೆಸುಗೆ; ಅರ್ಧ-ಮುಕ್ಕಾಲು ಗಂಟೆಯಲ್ಲಿ ದೀಪ ಹೊತ್ತುತ್ತದೆ, ಮನೆಗೂ ಒಯ್ಯಬಹುದು.

ಇಲ್ಲೇ ಯಾರೂ ಗಮನಿಸದ ಒಂದು ಎಡವಟ್ಟಿದೆ. ಹೊಸಬರ ಕೈಗೆ ಸಿಗುವುದು ಹಳಬರು ಬೇಡವೆಂದು ಬಿಟ್ಟ ಸೋಲ್ಡರಿಂಗ್ ಐರನ್, ಅಂದರೆ ಬೆಸುಗೆ ಹಾಕುವ ಬಿಸಿ ಕಡ್ಡಿ. ತುದಿ ಸುಟ್ಟು ಕಪ್ಪಾಗಿರುತ್ತದೆ, ಶಾಖ ಹರಿಯುವುದಿಲ್ಲ, ಸೋಲ್ಡರ್ (ಬೆಸುಗೆಯ ಲೋಹ) ಅಂಟದೆ ಉಂಡೆಯಾಗಿ ಉದುರುತ್ತದೆ. ದೋಷ ತುದಿಯದ್ದು, ಆದರೆ ‘ಇದು ನನ್ನ ಕೈಲಾಗುವ ಕೆಲಸವಲ್ಲ’ ಎಂದುಕೊಂಡು ಹೋಗುವವರು ಹೊಸಬರು; ಮೊದಲೇ ‘ಇದು ನಮ್ಮಂಥವರ ಜಾಗ ಹೌದೋ ಅಲ್ಲವೋ’ ಎಂಬ ಅಳುಕಿನಲ್ಲಿ ಬಂದವರಂತೂ ಖಂಡಿತ. ಅತ್ಯುತ್ತಮ ಐರನ್ನನ್ನು ಹೊಸಬರ ಮೇಜಿಗೇ ಇಡಿ: ಸುಮಾರು 2 ಮಿ.ಮೀ. ಅಗಲದ ಚಪ್ಪಟೆ ತುದಿ, 350 ಡಿಗ್ರಿ ಸೆಲ್ಸಿಯಸ್, ರೋಸಿನ್ (ಬೆಸುಗೆ ಹಿಡಿಯಲು ನೆರವಾಗುವ ರಾಳ) ಇರುವ 0.8 ಮಿ.ಮೀ. ದಪ್ಪದ 60/40 ತವರ-ಸೀಸದ ಸೋಲ್ಡರ್, ತುದಿ ಒರೆಸಲು ಹಿತ್ತಾಳೆಯ ಎಳೆಯುಂಡೆ, ಹೊಗೆ ಎಳೆಯುವ ಫ್ಯಾನ್. ಸೋಲ್ಡರಿನಲ್ಲಿ ಸೀಸ ಇರುವುದರಿಂದ ಕೆಲಸವಾದ ಮೇಲೆ ಕೈ ತೊಳೆಯಲು ಹೇಳಿ.

ಕಲಿಸುವವರು ಐರನ್ನನ್ನಾಗಲಿ ಕೀಬೋರ್ಡನ್ನಾಗಲಿ ಕಲಿಯುವವರ ಕೈಯಿಂದ ಕೇಳದೆ ತೆಗೆದುಕೊಳ್ಳಬಾರದು. ‘ಕೊಡಿ ಕೊಡಿ, ನಾನು ಮಾಡ್ತೀನಿ’ ಎನ್ನುವ ಉಪಕಾರ ಹೆಚ್ಚಾಗಿ ಹೆಂಗಸರ ಪಾಲಿಗೇ ಬರುತ್ತದೆ. ಪ್ರೋಗ್ರಾಮರುಗಳು ಒಟ್ಟಿಗೆ ಕೂತು ಕಲಿಯುವ ನ್ಯೂಯಾರ್ಕಿನ ರಿಕರ್ಸ್ ಸೆಂಟರಿನ ನಿಯಮಗಳಲ್ಲಿ ಎರಡು ಇಲ್ಲಿಗೆ ಹೇಳಿಮಾಡಿಸಿದಂತಿವೆ: ‘ಅಯ್ಯೋ, ಇದೂ ಗೊತ್ತಿಲ್ವಾ?’ ಎಂದು ಆಶ್ಚರ್ಯ ನಟಿಸುವಂತಿಲ್ಲ. ಮಾತಿನ ಓಟಕ್ಕೆ ಬೇಕಿಲ್ಲದ ಸಣ್ಣ ತಿದ್ದುಪಡಿ ಹಾಕಿ ಜಾಣತನ ತೋರಿಸುವಂತಿಲ್ಲ.

ಲೆಕ್ಕ ಇಡುವುದಾದರೆ ಎರಡನೇ ಭೇಟಿಯದ್ದನ್ನಿಡಿ. ಮುಖ ನೋಡಿ ಲಿಂಗ ಬರೆದುಕೊಳ್ಳಬೇಡಿ. ಇಷ್ಟವಿದ್ದವರು ತಾವೇ ತುಂಬುವ ಖಾಲಿ ಸಾಲು ಸಾಕು.

ಪ್ರಶ್ನೆ: ನಡವಳಿಕೆಯ ನಿಯಮ ಬರೆದು ಗೋಡೆಗೆ ಹಾಕಿದ್ದೇವೆ. ಈಗ ಹಿರಿಯ ಸದಸ್ಯರೊಬ್ಬರ ಮೇಲೆ ದೂರು ಬಂದಿದೆ. ಅವರು ಸಮಿತಿಯವರಿಗೆಲ್ಲ ಸ್ನೇಹಿತರು, ಲೇಸರ್ ಕಟರ್ ರಿಪೇರಿ ಗೊತ್ತಿರುವುದೂ ಅವರೊಬ್ಬರಿಗೇ. ಏನು ಮಾಡುವುದು?

ನಿಮ್ಮ ಕೊನೆಯ ಮಾತಿನಲ್ಲೇ ರೋಗ ಇದೆ. ಯಂತ್ರವೊಂದು ಒಬ್ಬರ ಕೈಯಲ್ಲೇ ಉಳಿದರೆ ಅವರ ವಿಚಾರಣೆ ಮಾಡಲು ಸಮಿತಿಗೆ ಧೈರ್ಯ ಬರುವುದಿಲ್ಲ. ಪ್ರತಿ ಯಂತ್ರಕ್ಕೂ, ಪ್ರತಿ ಪಾಸ್‌ವರ್ಡಿಗೂ, ಬಾಗಿಲಿನ ಕಾರ್ಡ್ ವ್ಯವಸ್ಥೆಗೂ ಕನಿಷ್ಠ ಇಬ್ಬರು ಬಲ್ಲವರಿರಬೇಕು. ಕಿರುಕುಳ ತಡೆಯ ಮೊದಲ ಕೆಲಸ ಇದೇ ಎಂದರೆ ಹಲವರು ನಗುತ್ತಾರೆ, ಆದರೆ ದೂರುಗಳು ಹಳ್ಳ ಹಿಡಿಯುವುದು ಹೆಚ್ಚಾಗಿ ಇಲ್ಲೇ.

ಈಗಿನ ದೂರಿಗೆ ಬರೋಣ. ಸಿಕ್ಕ ದಿನವೇ ಉತ್ತರಿಸಿ: ದೂರು ತಲುಪಿದೆ, ಇದನ್ನು ಓದುವವರು ಇಂಥವರು, ಇಂಥ ದಿನದೊಳಗೆ ತಿಳಿಸುತ್ತೇವೆ. ನಡೆದದ್ದನ್ನು ದೂರು ಕೊಟ್ಟವರದೇ ಮಾತಿನಲ್ಲಿ, ತಾರೀಕಿನೊಂದಿಗೆ ಬರೆದುಕೊಳ್ಳಿ. ಏನಾಗಬೇಕೆಂದು ಬಯಸುತ್ತಾರೆ ಎಂದೂ ಕೇಳಿ. ‘ಅವರು ಹಾಗೆಲ್ಲ ಮಾಡುವವರಲ್ಲ’ ಎಂಬ ಮಾತು ಬಾಯಿಗೆ ಬಂದರೆ ನುಂಗಿಕೊಳ್ಳಿ. ಆಪ್ತ ಸ್ನೇಹಿತರು ವಿಚಾರಣೆಯಿಂದ ಹಿಂದೆ ಸರಿಯಬೇಕು. ಎಲ್ಲರೂ ಆಪ್ತರೇ ಆದರೆ ಬೇರೊಂದು ಕೂಟದ ಅನುಭವಿಗಳಿಬ್ಬರನ್ನು ಕರೆಸಿ. ಇಬ್ಬರನ್ನೂ ಎದುರುಬದುರು ಕೂರಿಸಿ ರಾಜಿ ಮಾಡಿಸುವ ಹುಮ್ಮಸ್ಸು ಬೇಡ. ದೂರು ಕೊಟ್ಟವರು ಅಂಥ ಮಾತುಕತೆಗೆ ಒಪ್ಪಿದಂತೆ ಕಂಡರೂ ಮುಂದಿನ ವಾರದಿಂದ ಬರುವುದನ್ನೇ ನಿಲ್ಲಿಸುತ್ತಾರೆ.

ವಿಚಾರಣೆ ಮುಗಿಯುವವರೆಗೆ ದೂರಿಗೆ ಒಳಗಾದವರ ಬಾಗಿಲಿನ ಕಾರ್ಡ್, ಚಾಟ್ ಗುಂಪಿನ ಅಡ್ಮಿನ್ ಹಕ್ಕು, ಸಿಸಿ ಕ್ಯಾಮೆರಾ ನೋಡುವ ಅವಕಾಶ ಮೂರನ್ನೂ ತಡೆಹಿಡಿಯಿರಿ. ಇದು ಶಿಕ್ಷೆಯಲ್ಲ ಎಂದು ಅವರಿಗೆ ಬರೆದು ಕೊಡಿ. ‘ಸ್ವಲ್ಪ ದಿನ ಬರಬೇಡಿ’ ಎಂದು ದೂರು ಕೊಟ್ಟವರಿಗೆ ಹೇಳುವುದು ಮಾತ್ರ ಕೂಡದು. ದೂರಿಗೆ ಒಳಗಾದವರ ಮಾತನ್ನೂ ಕೇಳಿ, ಎರಡು ವಾರದೊಳಗೆ ತೀರ್ಮಾನಿಸಿ: ಮಾತಿನ ಎಚ್ಚರಿಕೆ, ಲಿಖಿತ ಎಚ್ಚರಿಕೆ, ನಿಗದಿತ ಅವಧಿಯ ಅಮಾನತು, ಸದಸ್ಯತ್ವ ರದ್ದು. ಗಂಭೀರವಾದದ್ದಕ್ಕೆ ಕೆಳಗಿನ ಮೆಟ್ಟಿಲಿಂದಲೇ ಶುರುಮಾಡಬೇಕೆಂದಿಲ್ಲ. ಪೊಲೀಸರಿಗೆ ಹೋಗುವುದು ದೂರುದಾರರ ಆಯ್ಕೆ. ಮಕ್ಕಳ ವಿಷಯವಾದರೆ ಮೊದಲು ಕಾನೂನು ಏನು ಹೇಳುತ್ತದೆ ಎಂದು ನೋಡಿ.

ಇನ್ನು ಗೋಡೆಯ ಮೇಲಿರುವ ನಿಯಮ. ‘ಒಬ್ಬರಿಗೊಬ್ಬರು ಒಳ್ಳೆಯವರಾಗಿರಿ’ ಎಂಬ ಒಂದೇ ಸಾಲು ಸಾಲದು. ಸ್ಯಾನ್ ಫ್ರಾನ್ಸಿಸ್ಕೋದ ನಾಯ್ಸ್‌ಬ್ರಿಡ್ಜ್ ಅಂಥದೇ ಧ್ಯೇಯವಾಕ್ಯದಿಂದ ಹೆಸರಾದ ಹ್ಯಾಕರ್‌ಸ್ಪೇಸ್ (ಮೇಕರ್‌ಸ್ಪೇಸ್‌ನಂಥದೇ ಜಾಗ); ಅದಕ್ಕೂ ಮುಂದೆ ಬೇರೆಯೇ ಕಿರುಕುಳ ತಡೆ ನೀತಿ ಬೇಕಾಯಿತು. 2014ರಲ್ಲಿ ಬಂದ ಕಾಂಟ್ರಿಬ್ಯೂಟರ್ ಕವನೆಂಟ್ ಎಂಬ ನಡವಳಿಕೆಯ ನಿಯಮಾವಳಿ ಒಳ್ಳೆಯ ಮಾದರಿ, ಆದರೆ ಅದು ಹುಟ್ಟಿದ್ದು ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದಿರುವ) ಪ್ರಾಜೆಕ್ಟುಗಳಿಗಾಗಿ. ಮೈ ಮುಟ್ಟುವುದು, ಕೇಳದೆ ಫೋಟೊ ತೆಗೆಯುವುದು, ರಾತ್ರಿ ಒಬ್ಬರೇ ಕೆಲಸ ಮಾಡುವಾಗ ಹಿಂದೆ ಬಂದು ನಿಲ್ಲುವುದು ಇವನ್ನೆಲ್ಲ ನೀವೇ ಸೇರಿಸಬೇಕು. ದೂರು ಕೊಡಬೇಕಾದ ಇಬ್ಬರ ಹೆಸರನ್ನೂ ಹಾಕಿ, ಇಬ್ಬರಿಗೂ ಬೇರೆ ಬೇರೆ ಇ-ಮೇಲ್ ವಿಳಾಸ ಕೊಡಿ. ಸಮಿತಿಯವರೆಲ್ಲ ಓದುವ ಒಂದೇ ವಿಳಾಸ ಇಟ್ಟರೆ, ಯಾರ ಮೇಲೆ ದೂರೋ ಅದು ಮೊದಲು ತಲುಪುವುದು ಅವರಿಗೇ.

ಪ್ರಶ್ನೆ: ಟ್ರಾನ್ಸ್ ಸದಸ್ಯರೊಬ್ಬರು ಹೆಸರು ಬದಲಿಸಿಕೊಂಡಿದ್ದಾರೆ. ಸದಸ್ಯರ ಪಟ್ಟಿ ತಿದ್ದಿದ್ದೇವೆ, ಆದರೂ ಹಳೆಯ ಹೆಸರು ಎಲ್ಲೆಲ್ಲೋ ಇಣುಕುತ್ತಿದೆ.

ಹುಡುಕಬೇಕಾದ ಜಾಗಗಳು: ಕಾರ್ಡ್ ಉಜ್ಜಿದಾಗ ‘ಸ್ವಾಗತ’ ಎಂದು ಹೆಸರು ತೋರಿಸುವ ಬಾಗಿಲಿನ ಪರದೆ (ಎಲ್ಲರೂ ಮರೆಯುವುದು ಇದನ್ನೇ), ಪ್ರಿಂಟರಿನ ಸರತಿ, ವೈ-ಫೈ ಖಾತೆ, ಯಂತ್ರ ತರಬೇತಿಯ ಪಟ್ಟಿ, ಲಾಕರಿನ ಚೀಟಿ, ಹಳೆಯ ಫೋಟೊಗಳ ಅಡಿಬರಹ, ಗಿಟ್ (ಕೋಡಿನಲ್ಲಿ ಯಾರು ಯಾವಾಗ ಏನು ಬದಲಿಸಿದರು ಎಂದು ದಾಖಲಿಸುವ ತಂತ್ರಾಂಶ) ಇತಿಹಾಸ. ಕಾನೂನಿಗೆ ಬೇಕಾದ ಹೆಸರು ಖಜಾಂಚಿಯ ಕಡತದಲ್ಲಿ ಮಾತ್ರ ಇರಲಿ. ಉಳಿದ ಕಡೆಯೆಲ್ಲ ಕರೆಯುವ ಹೆಸರು ಸಾಕು.

ಗಿಟ್‌ಗೆ ಮೇಲ್‌ಮ್ಯಾಪ್ ಎಂಬ ಫೈಲಿದೆ. ರೆಪಾಸಿಟರಿಯ (ಪ್ರಾಜೆಕ್ಟಿನ ಕೋಡ್ ಕಣಜದ) ಮೊದಲ ಫೋಲ್ಡರಿನಲ್ಲಿ, ಹೆಸರಿನ ಮುಂದೆ ಚುಕ್ಕೆಯಿಟ್ಟು ಅದನ್ನು ಸೇರಿಸಿ, ಒಂದು ಸಾಲಿನಲ್ಲಿ ಹೊಸ ಹೆಸರು, ಹೊಸ ಇ-ಮೇಲ್, ಹಳೆಯ ಇ-ಮೇಲ್ ಬರೆದರಾಯಿತು. 2019ರ 2.23ನೇ ಆವೃತ್ತಿಯಿಂದ ಇತಿಹಾಸ ತೋರಿಸುವ ಗಿಟ್ ಲಾಗ್ ಆದೇಶ ಇದನ್ನು ತಾನಾಗಿಯೇ ಓದುತ್ತದೆ. ಹಳೆಯ ಹೆಸರನ್ನು ಬರೆಯುವ ಅಗತ್ಯವಿಲ್ಲ, ಬರೆಯಲೂಬೇಡಿ. ಫೈಲು ಎಲ್ಲರ ಕಣ್ಣಿಗೆ ಬೀಳುತ್ತದೆ. ಹಳೆಯ ಇ-ಮೇಲಿನಲ್ಲೇ ಆ ಹೆಸರಿದ್ದರೆ ಈ ಸಾಲೇ ಬೆರಳು ಮಾಡಿ ತೋರಿಸಿದಂತಾಗುತ್ತದೆ, ಹಾಗಾಗಿ ಮೊದಲು ಅವರನ್ನೇ ಕೇಳಿ. ಇತಿಹಾಸವನ್ನೇ ತಿದ್ದಿ ಬರೆಯಬಹುದು, ಆದರೆ ತಿದ್ದಿದ ಜಾಗದಿಂದ ಮುಂದಿನ ಕಮಿಟ್‌ಗಳ (ದಾಖಲಾದ ಬದಲಾವಣೆಗಳ) ಹ್ಯಾಶ್ ಎಂಬ ಗುರುತುಸಂಖ್ಯೆ ಎಲ್ಲ ಬದಲಾಗಿ ಪ್ರತಿಯೊಬ್ಬರೂ ಹೊಸದಾಗಿ ಕ್ಲೋನ್ (ನಕಲು) ಮಾಡಿಕೊಳ್ಳಬೇಕಾಗುತ್ತದೆ. ಸಣ್ಣ ಪ್ರಾಜೆಕ್ಟಾದರೆ ಅದೇನೂ ದೊಡ್ಡ ಮಾತಲ್ಲ.

ಪ್ರಶ್ನೆ: ಹೆಂಗಸರು, ಟ್ರಾನ್ಸ್ ಮತ್ತು ನಾನ್‌ಬೈನರಿ (ಗಂಡು-ಹೆಣ್ಣು ಎರಡರಲ್ಲೂ ತಮ್ಮನ್ನು ಗುರುತಿಸಿಕೊಳ್ಳದ) ಜನರಿಗೇ ಒಂದು ಸಂಜೆ ಮೀಸಲಿಡಬೇಕೆಂದಿದ್ದೇವೆ. ಇದು ತಾರತಮ್ಯ ಎಂದು ಕೆಲವರ ಆಕ್ಷೇಪ.

ವಾರದ ಉಳಿದ ಸಂಜೆಗಳು ಆಕ್ಷೇಪಿಸುವವರಿಗೆ ತೆರೆದೇ ಇವೆಯಲ್ಲ, ಶುರುಮಾಡಿ. ಯಾರಿಗೂ ಬೇಡದ ಹೊತ್ತನ್ನು ಮಾತ್ರ ಕೊಡಬೇಡಿ. ಯಂತ್ರಗಳ ತರಬೇತಿ, ಅರ್ಹತೆಯ ಸಹಿ ಎರಡೂ ಅದೇ ಸಂಜೆ ಸಿಗಲಿ. ಇಲ್ಲದಿದ್ದರೆ ಉಳಿದ ದಿನ ಅವರು ಮತ್ತೆ ಬರೀ ನೋಡುತ್ತ ನಿಲ್ಲಬೇಕಾಗುತ್ತದೆ. 2014ರಲ್ಲಿ ಬರ್ಲಿನ್ನಿನಲ್ಲಿ ಶುರುವಾದ, ಹೆಂಗಸರಿಗೆ ಪ್ರೋಗ್ರಾಮಿಂಗ್ ಕಲಿಸುವ ಜಾಂಗೋ ಗರ್ಲ್ಸ್ ಕಾರ್ಯಾಗಾರಗಳಲ್ಲಿ ಮೂವರು ಕಲಿಯುವವರಿಗೆ ಒಬ್ಬ ಮಾರ್ಗದರ್ಶಕರು. ನೀವೂ ಅದಕ್ಕಿಂತ ಹೆಚ್ಚು ಜನರನ್ನು ಒಬ್ಬರ ತಲೆಗೆ ಕಟ್ಟಬೇಡಿ. ಯಾರಿಗೆ ಎಂಬುದನ್ನು ಪ್ರಕಟಣೆಯಲ್ಲೇ ಸ್ಪಷ್ಟವಾಗಿ ಬರೆಯಿರಿ, ಬಂದವರ ಮಾತು ನಂಬಿ. ರೂಪ, ದನಿ, ಗುರುತಿನ ಚೀಟಿ ನೋಡಿ ಬಾಗಿಲಲ್ಲಿ ತಡೆದರೆ ಮೊದಲು ಅವಮಾನವಾಗುವುದು ಟ್ರಾನ್ಸ್ ಜನರಿಗೇ.

ಪ್ರಶ್ನೆ: ಹೆಚ್ಚು ಖರ್ಚಿಲ್ಲದೆ ಕಟ್ಟಡದಲ್ಲಿ ಏನು ಬದಲಿಸಬಹುದು?

ಶೌಚಾಲಯದ ಒಳಗಿನ ಚಿಲಕ, ಮುಚ್ಚಳವಿರುವ ಕಸದ ಡಬ್ಬಿ, ಸ್ಯಾನಿಟರಿ ಪ್ಯಾಡ್, ಚೀಲ ನೇತುಹಾಕಲು ಕೊಕ್ಕೆ. ಒಬ್ಬರೇ ಬಳಸುವ ಶೌಚಾಲಯಕ್ಕೆ ಗಂಡು-ಹೆಣ್ಣು ಎಂಬ ಫಲಕವೇ ಬೇಡ. ಸುರಕ್ಷಾ ಕನ್ನಡಕ, ಕೈಗವಸು ಚಿಕ್ಕ ಅಳತೆಯಲ್ಲೂ ಇರಲಿ: ದೊಡ್ಡ ಕನ್ನಡಕದ ಅಂಚಿನಿಂದ ಚೂರು ಒಳನುಗ್ಗುತ್ತದೆ. ಲೇತ್, ಡ್ರಿಲ್‌ನಂಥ ತಿರುಗುವ ಯಂತ್ರದ ಮುಂದೆ ಮಾತ್ರ ಯಾವ ಅಳತೆಯ ಕೈಗವಸೂ ಬೇಡ, ಸಿಕ್ಕಿಕೊಂಡರೆ ಕೈಯನ್ನೇ ಎಳೆದುಕೊಳ್ಳುತ್ತದೆ. ಎತ್ತರದ ಮೇಜಿನ ಮುಂದೆ ಅಲುಗಾಡದ ಹಲಗೆಯ ಮೆಟ್ಟಿಲಿಡಿ.

ಪ್ರಶ್ನೆ: ಉಪನ್ಯಾಸದ ಬಳಿಕ ಪ್ರಶ್ನೆ ಕೇಳುವವರೆಲ್ಲ ಗಂಡಸರೇ.

2018ರಲ್ಲಿ ಪ್ರಕಟವಾದ ಅಧ್ಯಯನವೊಂದು 10 ದೇಶಗಳ 35 ಸಂಸ್ಥೆಗಳ 247 ವಿಚಾರಗೋಷ್ಠಿಗಳನ್ನು ಗಮನಿಸಿತ್ತು. ಮೊದಲ ಪ್ರಶ್ನೆ ಗಂಡಸಿನಿಂದ ಬಂದಲ್ಲಿ ಮುಂದೆ ಹೆಂಗಸರು ಕೇಳಿದ ಪ್ರಶ್ನೆಗಳ ಪಾಲು ಕಡಿಮೆಯಿತ್ತು. ಹಾಗಾಗಿ ಮೊದಲು ಎದ್ದ ಕೈಗೇ ಮೈಕ್ ಕೊಡಬೇಡಿ. ಉಪನ್ಯಾಸ ಮುಗಿದೊಡನೆ ಪಕ್ಕದವರೊಂದಿಗೆ ಮಾತಾಡಲು ಎರಡು ನಿಮಿಷ ಬಿಡಿ, ಆಮೇಲೆ ಕೈ ಎತ್ತಲು ಹೇಳಿ, ಅದುವರೆಗೆ ಬಾಯಿ ಬಿಡದವರಿಗೆ ಮೊದಲ ಅವಕಾಶ ಕೊಡಿ. ಚೀಟಿಯಲ್ಲಿ ಬರೆದುಕೊಟ್ಟ ಪ್ರಶ್ನೆಗಳನ್ನೂ ನಡುನಡುವೆ ಓದಿ. ‘ಇದು ಪ್ರಶ್ನೆಯಲ್ಲ, ಅನಿಸಿಕೆ’ ಎಂದು ಯಾರಾದರೂ ಶುರುಮಾಡಿದರೆ ನಿರೂಪಕರು ನಗುತ್ತಲೇ ಮೈಕ್ ವಾಪಸ್ ಪಡೆಯಲಿ.