ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಮೂಸ್ ಬೇಟೆಗೆ ಹೊರಡುವ ಮುನ್ನ

ಪ್ರಶ್ನೆ: ಮಗ ಟೊರಾಂಟೊದಲ್ಲಿದ್ದಾನೆ. ಉತ್ತರ ಒಂಟಾರಿಯೊದ ಸರೋವರಗಳ ಕಡೆ ಮೂಸ್ (ಅಲ್ಲಿನ ದೈತ್ಯ ಜಿಂಕೆ) ಬೇಟೆಗೆ ಬಾ ಅಪ್ಪ ಎಂದು ಕರೆಯುತ್ತಿದ್ದಾನೆ. ಇಲ್ಲಿ ಬೇಟೆ ಅಪರಾಧ. ಅಲ್ಲಿ ಹೇಗೆ? ಕೊಂಬು ಮನೆಗೆ ತರಬಹುದೇ?
— ಓದುಗರು, ಜಯನಗರ

ಉತ್ತರ: ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯ ಬಾಗಿಲು ಮುಚ್ಚಿದೆ. ಒಂಟಾರಿಯೊದಲ್ಲಿ ಲೈಸೆನ್ಸ್, ಟ್ಯಾಗ್ (ಯಾವ ಪ್ರಾಣಿ ಹೊಡೆಯಬಹುದೆಂಬ ಚೀಟಿ), ಋತು ಎಂಬ ಮೂರು ಕಟ್ಟಳೆಗಳೊಳಗೆ ಮೂಸ್ ಬೇಟೆಗೆ ಅವಕಾಶವಿದೆ. ಹೊರದೇಶದವರು ಸಾಮಾನ್ಯವಾಗಿ ಲೈಸೆನ್ಸ್ ಪಡೆದ ಔಟ್‌ಫಿಟರ್ (ಬೇಟೆ ಪ್ರವಾಸ ಏರ್ಪಡಿಸುವವರು) ಮೂಲಕ ಹೋಗಬೇಕು, ಇಲ್ಲವೇ ಅಲ್ಲಿನ ನಿವಾಸಿಯಾದ ಹತ್ತಿರದ ಸಂಬಂಧಿಯ ಜೊತೆ. ಮಗ ಅಲ್ಲಿನ ನಿಯಮದ ಪ್ರಕಾರ ಒಂಟಾರಿಯೊ ನಿವಾಸಿಯೋ ಅಲ್ಲವೋ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ಟ್ಯಾಗ್ ಕಾಡಿನ ಯಾವ ಘಟಕದ್ದು (ಬೇಟೆ ವಲಯ), ಗಂಡಿಗೋ ಹೆಣ್ಣಿಗೋ ಮರಿಗೋ ಎಂಬುದನ್ನು ಕಾಗದದಲ್ಲೇ ಓದಿ. ಅದೇ ಕಾಡಿನಲ್ಲಿ ತಿರುಗುವ ಕ್ಯಾರಿಬೂ ಎಂಬ ಇನ್ನೊಂದು ಜಿಂಕೆ ಸಂರಕ್ಷಿತ ಪ್ರಾಣಿ. ಗುರುತು ತಪ್ಪಿ ಅದಕ್ಕೆ ಗುಂಡು ಹಾರಿಸಿದರೆ ಕೇಸು.

ಕೊಂಬು ಮಗನ ಮನೆಯ ಗೋಡೆಯಲ್ಲೇ ಇರಲಿ. ವನ್ಯಪ್ರಾಣಿಯ ಕೊಂಬು, ಚರ್ಮ, ಮಾಂಸ ತುಂಬಿಕೊಂಡು ದೇವನಹಳ್ಳಿಯಲ್ಲಿ ಇಳಿದರೆ ಕಸ್ಟಮ್ಸ್‌ನವರ ಮುಂದೆ ರಸೀದಿ, ಟ್ಯಾಗು ಹಿಡಿದು ವಾದಿಸುತ್ತಾ ನಿಲ್ಲಬೇಕಾಗುತ್ತದೆ.

ಪ್ರಶ್ನೆ: ನಮ್ಮದು ಕೊಡಗಿನ ಮನೆ, ಕೋವಿಗೆ ಲೈಸೆನ್ಸ್ ವಿನಾಯಿತಿ ಇದೆ. ಅದನ್ನೇ ಒಯ್ಯಬಹುದೇ? ಇಲ್ಲಿ ಅಭ್ಯಾಸ ಹೇಗೆ?
— ಓದುಗರು, ವಸಂತನಗರ

ಉತ್ತರ: ಆ ವಿನಾಯಿತಿ ನಮ್ಮ ಶಸ್ತ್ರಾಸ್ತ್ರ ಕಾಯ್ದೆಯದು, ಕೆನಡಾದಲ್ಲಿ ನಡೆಯದು. ಕೋವಿ ಒಯ್ಯಲೇಬೇಕೆಂದರೆ ಇಲ್ಲಿಂದ ಹೊರಗೆ ಕೊಂಡೊಯ್ಯಲು ಅನುಮತಿ ಬೇಕು, ನಡುವೆ ವಿಮಾನ ಬದಲಿಸುವ ದೇಶವೂ ಕಾಗದ ಕೇಳಬಹುದು. ಕೆನಡಾ ಗಡಿಯಲ್ಲಿ ಅನಿವಾಸಿಗಳ ಘೋಷಣಾ ಪತ್ರ ಕೊಡಬೇಕು. ಶುಲ್ಕ 25 ಕೆನಡಾ ಡಾಲರ್, ಅವಧಿ 60 ದಿನ. ಫಾರ್ಮ್ ತುಂಬಿಟ್ಟುಕೊಳ್ಳಿ, ಸಹಿ ಮಾತ್ರ ಅಧಿಕಾರಿಯ ಎದುರಿಗೇ ಹಾಕಿ. ಇಷ್ಟೆಲ್ಲ ಓಡಾಡುವ ಬದಲು ಔಟ್‌ಫಿಟರ್ ಬಳಿ ರೈಫಲ್ ಎರವಲು ಪಡೆಯುವುದೇ ಜಾಣತನ. ಅನಿವಾಸಿಗಳಿಗೆ ಅದಕ್ಕೆಂದೇ ತಾತ್ಕಾಲಿಕ ಎರವಲು ಲೈಸೆನ್ಸ್ ಇದೆ.

ಬೆಂಗಳೂರಿನ ರೈಫಲ್ ಕ್ಲಬ್‌ನಲ್ಲಿ 10 ಮೀಟರ್ ಏರ್ ರೈಫಲ್ ಅಭ್ಯಾಸ ಮಾಡಿದರೆ ಉಸಿರು, ಟ್ರಿಗರ್ ಎರಡೂ ಹಿಡಿತಕ್ಕೆ ಬರುತ್ತವೆ. ಭುಜಕ್ಕೆ ಬೀಳುವ ಒದೆತ ಮಾತ್ರ ಅದರಲ್ಲಿ ಕಲಿಯಲಾಗದು. ಹಾಗಾಗಿ ಕ್ಯಾಂಪ್ ತಲುಪಿದ ದಿನವೇ ಎರವಲು ರೈಫಲ್‌ನಿಂದ ಐದಾರು ಗುಂಡು ಹಾರಿಸಿ ನೋಡಿ. ಮೂಸ್‌ಗೆ .30-06 ಅಳತೆಯ ರೈಫಲ್, 180 ಗ್ರೇನ್ ತೂಕದ ಗುಂಡು ಧಾರಾಳ ಸಾಕು. ಗುರಿ ಮುಂಗಾಲಿನ ಹಿಂದೆ, ಎದೆಯ ನಡುಭಾಗಕ್ಕಿಂತ ತುಸು ಕೆಳಗೆ. ಶ್ವಾಸಕೋಶಕ್ಕೆ ಪೆಟ್ಟು ಬಿದ್ದರೂ ಮೂಸ್ ಒಮ್ಮೊಮ್ಮೆ ಏನೂ ಆಗದಂತೆ ನಿಂತಿರುತ್ತದೆ, ಆಮೇಲೆ ನೇರ ನೀರಿಗೆ ನಡೆಯುತ್ತದೆ. ಅದು ನಿಂತಿರುವಾಗಲೇ ಇನ್ನೊಂದು ಗುಂಡು ಹೊಡೆಯಿರಿ. ನೀರಿನಲ್ಲಿ ನಿಂತ ಪ್ರಾಣಿಗೆ ಹೊಡೆಯಲೇಬೇಡಿ, ದಡಕ್ಕೆ ಬರುವ ತನಕ ಕಾಯಿರಿ. ಏಕೆಂಬುದು ಮುಂದಿನ ಉತ್ತರದಲ್ಲಿದೆ.

ಪ್ರಶ್ನೆ: ನಾಲ್ವರು ಹೊರಟಿದ್ದೇವೆ. ಫ್ಲೋಟ್ ಪ್ಲೇನ್‌ನಲ್ಲಿ (ಫ್ಲೋಟ್ ಎಂಬ ತೇಲುವ ಕಾಲುಗಳ ಮೇಲೆ ನೀರಿಗಿಳಿಯುವ ವಿಮಾನ) ಒಂಟಿ ಸರೋವರಕ್ಕೆ ಬಿಟ್ಟು ಏಳನೇ ದಿನ ಕರೆತರುತ್ತಾರಂತೆ. ಲಗೇಜ್ ತಲಾ 35 ಕೆ.ಜಿ. ಮಾತ್ರ. ಸಾಲುತ್ತದೆಯೇ?
— ಓದುಗರು, ರಾಜಾಜಿನಗರ

ಉತ್ತರ: ಹೋಗುವಾಗ ಸಾಲುತ್ತದೆ. ಪೇಚಾಟವೆಲ್ಲ ಬರುವಾಗ. ದೊಡ್ಡ ಗಂಡು ಮೂಸ್ 450ರಿಂದ 500 ಕೆ.ಜಿ. ತೂಗುತ್ತದೆ, ನಮ್ಮ ಕಡವೆಯ ಸುಮಾರು ಎರಡು ಪಟ್ಟು. ಮೂಳೆ ಬಿಡಿಸಿದ ಮಾಂಸವೇ 200 ಕೆ.ಜಿ. ಆಸುಪಾಸು. ಆ ಭಾಗದಲ್ಲಿ ಹೆಚ್ಚು ಓಡಾಡುವ ಬೀವರ್ ವಿಮಾನ 1947ರಲ್ಲಿ ಮೊದಲು ಹಾರಿದ್ದು. ಪೈಲಟ್, ಇಂಧನ ಬಿಟ್ಟು ಅದು ಹೊರುವುದು ಸುಮಾರು 450 ಕೆ.ಜಿ. ನಾಲ್ವರು ತಲಾ 85 ಎಂದರೆ 340, ಲಗೇಜ್ 140, ಒಟ್ಟು 480. ಮೂಸ್ ಸಿಗುವ ಮೊದಲೇ ಲೆಕ್ಕ ಮೀರಿತು! ಗಾಳಿಯಿಲ್ಲದ ದಿನ ನೀರು ಕನ್ನಡಿಯಂತಿದ್ದರೆ ಫ್ಲೋಟ್ ನೀರು ಬಿಟ್ಟೇಳುವುದು ಇನ್ನೂ ಕಷ್ಟ. ಚಿಕ್ಕ ಸರೋವರವಾದರೆ ಪೈಲಟ್ ಹೊರೆ ಮತ್ತೂ ಇಳಿಸುತ್ತಾನೆ. ಆದ್ದರಿಂದ ಮುಂಗಡ ಕಟ್ಟುವ ಮೊದಲೇ ಕೇಳಿ: ಯಾವ ವಿಮಾನ, ಎಷ್ಟು ಟ್ರಿಪ್, ಮಾಂಸದ ಟ್ರಿಪ್‌ಗೆ ಬೇರೆ ದುಡ್ಡೇ, ನಡುವೆ ಯಾವ ದಿನ ಬಂದು ನೋಡಿ ಹೋಗುತ್ತಾರೆ?

ಆ ನಡುವಿನ ಭೇಟಿಯ ಮೇಲೇ ಮಾಂಸದ ಹಣೆಬರಹ ನಿಂತಿದೆ. ಸೆಪ್ಟೆಂಬರ್ ಕೊನೆಯಲ್ಲಿ ರಾತ್ರಿ ಸೊನ್ನೆಯ ಹತ್ತಿರ ಹೋದರೂ ಹಗಲು 15 ಡಿಗ್ರಿ ಮುಟ್ಟಬಹುದು. ಪ್ರಾಣಿ ಬಿದ್ದ ಕೂಡಲೇ ಕರುಳು ತೆಗೆಯಿರಿ, ಚರ್ಮ ಸುಲಿಯಿರಿ. ದಪ್ಪ ಚರ್ಮ ಕಂಬಳಿಯಂತೆ ಶಾಖ ಹಿಡಿದಿಡುತ್ತದೆ. ಹೊರಗೆ ತಣ್ಣಗೆ ಒಣಗಿದಂತೆ ಕಾಣುವ ತೊಡೆ ಒಳಗೆ ಮೂಳೆಯ ಸುತ್ತ ಬಿಸಿಯಾಗಿಯೇ ಉಳಿದು ಹುಳಿ ವಾಸನೆ ಹಿಡಿಯುತ್ತದೆ. ಹಾಗಾಗಿ ಸೊಂಟದ ಕೀಲಿನಿಂದ ತೊಡೆಮೂಳೆಯುದ್ದಕ್ಕೂ ಚೂರಿಯಿಂದ ಸೀಳಿ, ಬೆರಳು ಹಾಕಿ ನೋಡಿ. ಬೆಚ್ಚಗಿದ್ದರೆ ಇನ್ನೂ ಬಿಡಿಸಿ. ಪ್ಲಾಸ್ಟಿಕ್ ಚೀಲ ಬೇಡ, ಬೆವರುತ್ತದೆ. ಎಂಟು ಹತ್ತಿಬಟ್ಟೆ ಚೀಲ, 30 ಮೀಟರ್ ಹಗ್ಗ, ರಾಟೆ, ಎರಡು ಚೂರಿ, ಮಸೆಯುವ ಕಲ್ಲು, ಮೂಳೆ ಗರಗಸ, ಹಣೆದೀಪ ಇರಲಿ. ಮೂಳೆಸಹಿತ ಒಂದು ಹಿಂದೊಡೆಯೇ 50 ಕೆ.ಜಿ. ದಾಟಬಹುದು. ಮೂಸ್ ಸೊಂಟದುದ್ದ ನೀರಿನಲ್ಲಿ ಬಿದ್ದರೆ ಈ ಕೆಲಸವೆಲ್ಲ ಹೆಪ್ಪುಗಟ್ಟುವಂಥ ನೀರಿನಲ್ಲಿ ನಿಂತು ಮಾಡಬೇಕು. ಮಾಂಸವನ್ನು ನೆರಳಲ್ಲಿ, ಗಾಳಿಯಾಡುವಂತೆ, ಕ್ಯಾಬಿನ್‌ನಿಂದ ನೂರು ಮೀಟರ್ ದೂರ ತೂಗುಹಾಕಿ. ಪಿತ್ತಜನಕಾಂಗ, ಮೂತ್ರಪಿಂಡ ತಿನ್ನಬೇಡಿ, ಅವುಗಳಲ್ಲಿ ಕ್ಯಾಡ್ಮಿಯಂ ಎಂಬ ವಿಷಲೋಹ ಶೇಖರವಾಗುತ್ತದೆ.

ದೋಣಿಯಲ್ಲಿ ಲೈಫ್ ಜಾಕೆಟ್ ಕಳಚಲೇಬೇಡಿ. ಅಲ್ಲಿನವರ ಲೆಕ್ಕ 1-10-1: ತಣ್ಣೀರಿಗೆ ಬಿದ್ದವರಿಗೆ ಉಸಿರು ಹದಕ್ಕೆ ತರಲು 1 ನಿಮಿಷ, ಕೈಕಾಲು ಆಡುವುದು 10 ನಿಮಿಷ, ಎಚ್ಚರ ತಪ್ಪಲು ಸುಮಾರು 1 ಗಂಟೆ. ಸ್ಯಾಟಲೈಟ್ ಮೆಸೆಂಜರ್ ಬೇಕೇಬೇಕು, ಆದರೆ ಅಲ್ಲೇ ಬಾಡಿಗೆಗೆ ತೆಗೆದುಕೊಂಡು ಅಲ್ಲೇ ವಾಪಸು ಕೊಡಿ. ಅನುಮತಿಯಿಲ್ಲದೆ ಇನ್‌ರೀಚ್‌ನಂಥ ಮೆಸೆಂಜರ್, ಸ್ಯಾಟಲೈಟ್ ಫೋನ್ ಹಿಡಿದು ಭಾರತದ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದವರಿದ್ದಾರೆ. ಮಂಜು, ಗಾಳಿ ಇದ್ದರೆ ಏಳನೇ ದಿನ ವಿಮಾನ ಬರದು. ಊಟ, ಔಷಧಿ ಮೂರು ದಿನಕ್ಕೆ ಹೆಚ್ಚುವರಿ ಇಡಿ, ಬೆಂಗಳೂರಿನ ಟಿಕೆಟ್ಟನ್ನೂ ಮೂರು ದಿನ ಬಿಟ್ಟೇ ಬುಕ್ ಮಾಡಿ.

ಪ್ರಶ್ನೆ: ನನ್ನ ಯಜಮಾನರ ಜೊತೆ ನಾನೂ ಹೋಗಬೇಕೆಂದಿದ್ದೇನೆ, ಕ್ಯಾಮೆರಾ ಹಿಡಿದು ಮಾತ್ರ. ನಾನು ಸಸ್ಯಾಹಾರಿ.
— ಓದುಗರು, ಬನಶಂಕರಿ

ಉತ್ತರ: ಧಾರಾಳವಾಗಿ ಹೋಗಿ. ರೈಫಲ್ ಋತುವಿನಲ್ಲಿ ಬೇಟೆಗಾರರು ಟೋಪಿಯ ಜೊತೆಗೆ ಸೊಂಟದ ಮೇಲೆ ಸುಮಾರು 2,580 ಚದರ ಸೆಂ.ಮೀ. ಹೊಳೆಯುವ ಕಿತ್ತಳೆ ಬಣ್ಣ ಧರಿಸಬೇಕೆಂಬುದು ಒಂಟಾರಿಯೊದ ನಿಯಮ. ನೀವು ಬೇಟೆಯಾಡದಿದ್ದರೂ ಹಾಕಿಕೊಳ್ಳಿ. ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಅವಲಕ್ಕಿ ಹಗುರ, ಕೆಡುವುದಿಲ್ಲ. ಕೆನಡಾದಲ್ಲಿ ಇಳಿದಾಗ ತಿಂಡಿ ತಂದಿದ್ದೇವೆ ಎಂದು ಘೋಷಿಸುವುದು ಕಡ್ಡಾಯ. ಕರಡಿ ಸ್ಪ್ರೇಯನ್ನು ವಿಮಾನದ ಲಗೇಜಿನಲ್ಲಿ ಹಾಕುವಂತಿಲ್ಲ, ಅಲ್ಲೇ ಕೊಳ್ಳಿ. ಫ್ಲೋಟ್ ಪ್ಲೇನ್ ಹತ್ತುವಾಗ ಪೈಲಟ್‌ಗೆ ಹೇಳಿ, ಫ್ಲೋಟ್‌ನೊಳಗಿನ ಗೂಡಿನಲ್ಲಿ ಇಡುತ್ತಾರೆ. ಒಗ್ಗರಣೆ ಹಾಕಿದ ಬಾಣಲೆಯನ್ನು ರಾತ್ರಿ ತೊಳೆಯದೆ ಹೊರಗೆ ಬಿಡಬೇಡಿ. ಕಪ್ಪು ಕರಡಿಗೆ ಮೂಸ್ ಮಾಂಸವೂ ಒಂದೇ, ಇಂಗಿನ ಒಗ್ಗರಣೆಯೂ ಒಂದೇ.