ಮಲೆನಾಡಿಗೆ ಒಪ್ಪುವ ಮಾದರಿ ಮನೆ

ಪ್ರಶ್ನೆ: ನಮ್ಮ ಕುಟುಂಬದ ದತ್ತಿ ಪ್ರತಿಷ್ಠಾನವು ತೀರ್ಥಹಳ್ಳಿ ಸಮೀಪ ಕಡಿಮೆ ವೆಚ್ಚದ ಮಾದರಿ ಮನೆಗಳನ್ನು ಕಟ್ಟಬೇಕೆಂದಿದೆ. ಸರ್ಕಾರಿ ವಸತಿ ಯೋಜನೆಗಳಿರುವಾಗ ನಮ್ಮ ಪಾತ್ರವೇನು?
- ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮನೆಗಳ ಸಂಖ್ಯೆಯಲ್ಲಿ ಸರ್ಕಾರದೊಡನೆ ಪೈಪೋಟಿ ನಿಮ್ಮಿಂದಾಗದು, ಅದರ ಅಗತ್ಯವೂ ಇಲ್ಲ. ಬಯಲುಸೀಮೆಗೆ ಒಪ್ಪುವ ಚಪ್ಪಟೆ ತಾರಸಿಯು ವರ್ಷಕ್ಕೆ ಸುಮಾರು 7,000 ಮಿ.ಮೀ. ಮಳೆ ಸುರಿಯುವ ಆಗುಂಬೆಯ ಆಸುಪಾಸಿನಲ್ಲಿ ಬಹುಬೇಗ ಸೋರತೊಡಗುವುದರಿಂದ, ಇಳಿಜಾರಾದ ಹೆಂಚಿನ ಮಾಡು, ಗೋಡೆಯಿಂದ ಸಾಕಷ್ಟು ಮುಂಚಾಚಿದ ಸೂರು ಮತ್ತು ಎತ್ತರದ ಜಂಬಿಟ್ಟಿಗೆ ತಳಪಾಯವುಳ್ಳ ಒಂದೆರಡು ಮನೆಗಳನ್ನು ಮೊದಲು ಕಟ್ಟಿ, ಎರಡು ಮಳೆಗಾಲ ಪರೀಕ್ಷಿಸಿ, ಖರ್ಚಿನ ಲೆಕ್ಕವನ್ನು ಪಂಚಾಯಿತಿಯ ಮುಂದಿಡಿ. ಗೋಡೆಗೆ, ಸ್ಥಳೀಯ ಮಣ್ಣಿಗೆ ಶೇ. 7ರಷ್ಟು ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿದ, ಸುಡದ ಇಟ್ಟಿಗೆಯನ್ನು ಪರಿಗಣಿಸಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಈ ಬಗೆಯ ಇಟ್ಟಿಗೆಯ ಮೇಲೆ ದಶಕಗಳಿಂದ ಕೆಲಸ ಮಾಡಿದೆ. ಮಣ್ಣಿನಲ್ಲಿ ಜೇಡಿ ಹೆಚ್ಚಿದ್ದರೆ ಮರಳು ಸೇರಿಸಬೇಕಾಗುತ್ತದೆ.

ಕಡಿಮೆ ವೆಚ್ಚದ ಮನೆಗಳಿಗೆ ಹೆಸರಾದ ವಾಸ್ತುಶಿಲ್ಪಿ ಲಾರಿ ಬೇಕರ್ ಮೊದಲಾದವರು 1985ರಲ್ಲಿ ಕೇರಳದ ತ್ರಿಶೂರಿನಲ್ಲಿ ಆರಂಭಿಸಿದ ಕಾಸ್ಟ್‌ಫೋರ್ಡ್ ಸಂಸ್ಥೆಯು ಮನೆ ಕಟ್ಟುವುದರ ಜೊತೆಗೆ ಗಾರೆ ಕೆಲಸದವರಿಗೆ ತರಬೇತಿಯನ್ನೂ ನೀಡಿತು. ನಿಮ್ಮ ಹಣದ ದೊಡ್ಡ ಪಾಲು ಇಂಥ ತರಬೇತಿಗೇ ಹೋದರೂ ಅದು ನಷ್ಟವೆಂದು ನನಗನ್ನಿಸುವುದಿಲ್ಲ.

ಒಂದು ಎಚ್ಚರಿಕೆ: ಫಲಾನುಭವಿಯ ನಿವೇಶನಕ್ಕೆ ಹಕ್ಕುಪತ್ರವಿದೆಯೇ, ಅದು ಅರಣ್ಯಭೂಮಿಯೇ ಎಂಬುದನ್ನು ತಳಪಾಯ ತೋಡುವ ಮೊದಲೇ ತಾಲ್ಲೂಕು ಕಚೇರಿಯಲ್ಲಿ ಖಚಿತಪಡಿಸಿಕೊಳ್ಳಿ.